ಕಾಳವ್ವ ಮಾಡಿದ ಉಜ್ಜುಗೊರಡು

ಹತ್ತಿರ ಬಂದು ಕೂತ್ಕೊಳ್ಳಿ ಮಕ್ಕಳೇ. ಮುಗುಳಿಕೋಟೆ ಅಂತ ಒಂದು ರಾಜ್ಯ. ಅಲ್ಲಿ ಕಾಳವ್ವ ಅನ್ನೋ ಬಡಗಿ ಹೆಂಗಸು ಇದ್ದಳು. ಗಂಡ ತೀರಿಹೋದ ಮೇಲೆ ಅವನ ಉಳಿ, ಕೊಡತಿ ತಾನೇ ಹಿಡಿದಳು. ನಗೋರು ನಕ್ಕರು. ಅವಳು ಮಾಡಿದ ಬಾಗಿಲು ಮಾತ್ರ ಮಳೆಗೆ ಉಬ್ಬಲಿಲ್ಲ, ಬಿಸಿಲಿಗೆ ಸೀಳಲಿಲ್ಲ.

ಒಂದು ವರ್ಷ ಊರಿನ ಬಿತ್ತನೆ ಜೋಳಕ್ಕೆ ಹುಳ ಬಿತ್ತು. ರಾಜ ಕಾಳವ್ವನನ್ನು ಕರೆಸಿದ.

"ಹಿಂಗಾರಿ ಬಿತ್ತನೆವರೆಗೂ ಮಿಕ್ಕ ಬೀಜವಾದರೂ ಉಳೀಬೇಕು ತಾಯಿ. ಇರುವೆಯೂ ನುಗ್ಗದ ಪೆಟ್ಟಿಗೆ ಮಾಡಿಕೊಡು. ಮಳೆ ಹಿಡಿಯೋಕೆ ಹದಿನೈದೇ ದಿನ."

ಅಂಥ ಪೆಟ್ಟಿಗೆಗೆ ಒಂದು ಹಲಗೆಯ ಅಂಚಿನಲ್ಲಿ ಸಣ್ಣ ಜಾಡು ತೋಡಬೇಕು. ಪಕ್ಕದ ಹಲಗೆಯ ನಾಲಿಗೆಯಂತೆ ಚಾಚಿದ ಅಂಚು ಆ ಜಾಡಿನಲ್ಲಿ ಕಚ್ಚಿ ಕೂರಬೇಕು. ಜಾಡು ತೋಡೋ ಉಜ್ಜುಗೊರಡು ಇದ್ದದ್ದು ಅರಮನೆ ಉಗ್ರಾಣದಲ್ಲಿ. ಬೀಗದಕೈ ಪಾರುಪತ್ಯಗಾರ ಬಂಗಾರಯ್ಯನ ಸೊಂಟದಲ್ಲಿ. ಹುಟ್ಟಿದಾಗಿನಿಂದ ಒಂದು ಉಳಿ ಮುಟ್ಟಿದವನಲ್ಲ, ಠೀವಿ ಮಾತ್ರ ಬೆಟ್ಟದಷ್ಟು.

ಮೊದಲ ದಿನ ಹೋದಳು. "ಇವತ್ತು ಅಮಾವಾಸ್ಯೆ, ಕೊಡೋಕಾಗಲ್ಲ."

ಎರಡನೇ ದಿನ ಹೋದಳು. "ಬೀಗ ತುಕ್ಕು ಹಿಡಿದಿದೆ."

ಮೂರನೇ ದಿನ ಹೋದಳು. ಬಂಗಾರಯ್ಯ ಮುಖ ಸಿಂಡರಿಸಿದ. "ಹೆಂಗಸಿನ ಕೈಗೆ ಕೊಟ್ಟರೆ ಅರಮನೆ ಮಾನ ಏನಾಗಬೇಕು? ಹೋಗು, ಹೋಗು!"

ಕಾಳವ್ವ ಜಗಲಿ ಮೇಲೆ ಕೂತು ಅತ್ತಳು. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು ಅಂದಳು: "ಅಲ್ಲ, ಆ ಉಜ್ಜುಗೊರಡೂ ಆಕಾಶದಿಂದ ಉದುರಿದ್ದಲ್ಲವಲ್ಲ! ಯಾರೋ ಬಡಗಿಯೇ ಮಾಡಿರಬೇಕು."

ಕರಿಜಾಲಿ ಮರದ ತುಂಡೊಂದು ತಂದಳು. ಮುರಿದ ಉಳಿಯೊಂದನ್ನು ಸಾಣೆ ಹಿಡಿದು ಕಿರಿದಾದ ಅಲಗು ಮಾಡಿದಳು. ತುಂಡಿಗೆ ಓರೆಯಾಗಿ ತೂತು ಕೊರೆದು, ಅಲಗು ಇಳಿಸಿ, ಬೆಣೆ ಬಡಿದು ಬಿಗಿ ಮಾಡಿದಳು.

ಮೊದಲನೇದು ಬಾಯಿ ಅಗಲವಾಗಿ ಹಲಗೆಯನ್ನೇ ಕಿತ್ತು ಹಾಕಿತು. ಎರಡನೇದು ಕುಡಿದ ಎತ್ತಿನ ಹಾಗೆ ಅತ್ತಿತ್ತ ಎಳೀತು. ಮೂರನೇದಕ್ಕೆ ಪಕ್ಕದಲ್ಲಿ ಒಂದು ಪಟ್ಟಿ ಕೂರಿಸಿದಳು. ಪಟ್ಟಿ ಹಲಗೆಯ ಮಗ್ಗುಲು ಹಿಡಿದು ಜಾರಿತು, ಜಾಡು ದಾರ ಹಿಡಿದ ಹಾಗೆ ನೆಟ್ಟಗೆ ಬಂತು! ಸಿಪ್ಪೆ ಸುರುಳಿ ಸುರುಳಿಯಾಗಿ ಎದ್ದಿತು. ಕಾಳವ್ವ ಒಬ್ಬಳೇ ಜೋರಾಗಿ ನಕ್ಕಳು.

ಸುದ್ದಿ ಬಂಗಾರಯ್ಯನ ಕಿವಿಗೆ ಬಿತ್ತು. ಪೆಟ್ಟಿಗೆ ಅರ್ಧ ಆಗಿರುವಾಗ ಇಬ್ಬರು ಸಿಪಾಯಿಗಳ ಜೊತೆ ಬಂದು ಉಜ್ಜುಗೊರಡು ಕಿತ್ತುಕೊಂಡ. ಅವಳನ್ನೂ ರಾಜನ ಮುಂದೆ ನಿಲ್ಲಿಸಿದ.

"ಇದು ನಾನೇ ಕೈಯಾರೆ ಮಾಡಿದ್ದು ಪ್ರಭು. ಇವಳು ಕದ್ದಿದ್ದಾಳೆ!"

ಕಾಳವ್ವ ಕೈಮುಗಿದಳು. "ಆಗಲಿ ಮಹಾಸ್ವಾಮಿ. ಅಲಗು ಮೊಂಡಾಗಿದೆ. ಮಾಡಿದವರೇ ಬಿಚ್ಚಿ, ಸಾಣೆ ಹಿಡಿದು ಕೂರಿಸಿಕೊಡಲಿ."

ಬಂಗಾರಯ್ಯ ಅಲಗು ಎಳೆದ. ಬರಲಿಲ್ಲ. ಕೊಡತಿ ತಗೊಂಡು ಬೆಣೆಯ ತಲೆಗೆ ಹೊಡೆದ. ಇನ್ನೂ ಬಿಗಿಯಾಯ್ತು. ಮತ್ತೆ ಹೊಡೆದ, ತನ್ನ ಹೆಬ್ಬೆರಳಿಗೇ ಬಿತ್ತು. "ಅಯ್ಯಯ್ಯಪ್ಪಾ!"

ಕಾಳವ್ವ ಉಜ್ಜುಗೊರಡು ತಿರುಗಿಸಿ ಹಿಂಬದಿಗೆ ಎರಡೇ ಎರಡು ಪೆಟ್ಟು ಕೊಟ್ಟಳು. ಬೆಣೆ ಸಡಿಲಾಗಿ ಅಲಗು ಅಂಗೈಗೆ ಬಂತು. ಸಾಣೆ ಹಿಡಿದು, ಕೂರಿಸಿ, ಸಿಂಹಾಸನದ ಮುಂದೆಯೇ ಹಲಗೆಗೆ ಜಾಡು ತೋಡಿದಳು.

ರಾಜ ಎದ್ದು ನಿಂತ. "ಬಂಗಾರಯ್ಯ, ಬೀಗದಕೈ ಇಲ್ಲಿಡು. ಇನ್ನೊಂದು ವರ್ಷ ಬಡಗಿಗಳ ಅಲಗಿಗೆ ಸಾಣೆ ಹಿಡಿಯೋದೇ ನಿನ್ನ ಕೆಲಸ. ತಾಯಿ, ನಿನಗೇನು ಬೇಕು?"

"ಉಗ್ರಾಣಕ್ಕೆ ಬೀಗ ಬೇಡ ಪ್ರಭು. ಕೆಲಸ ಮಾಡೋರು ಸಾಮಾನು ತಗೊಳ್ಳಲಿ. ಮಾಡೋದು ಕಲೀಬೇಕು ಅನ್ನೋರನ್ನ ನನ್ನ ಹತ್ತಿರ ಕಳಿಸಿ."

ಮೊದಲ ಮಳೆಗೆ ಮುಂಚೆ ಪೆಟ್ಟಿಗೆ ಮುಗಿದು ಬೀಜ ತುಂಬಿತು. ಹಿಂಗಾರಿನಲ್ಲಿ ಜೋಳ ಎದೆಯುದ್ದ ಬೆಳೆದು ನಿಂತಿತು. ಕಾಳವ್ವನ ಜಗಲಿ ಮೇಲೆ ಹನ್ನೊಂದು ಜನ ಕೂತು ತಮ್ಮ ತಮ್ಮ ಉಜ್ಜುಗೊರಡು ಕೊರೀತಿದ್ದರು.

ತಿಳೀತೇನ್ರಪ್ಪಾ? ಸಾಮಾನು ಬಚ್ಚಿಡಬಹುದು, ಕಸುಬು ಬಚ್ಚಿಡೋಕಾಗಲ್ಲ. ಕಸಿದುಕೊಂಡವನ ಕೈಗೆ ಮರದ ತುಂಡು ಸಿಗುತ್ತೆ, ವಿದ್ಯೆ ಮಾಡಿದವರ ಕೈಯಲ್ಲೇ ಉಳಿಯುತ್ತೆ.