ಕರಡಿ ಕೊಂಡ ಅಗ್ಗದ ಪಾರಿವಾಳ

ರಜೆಗೆ ಪರದೇಶವನ್ನು ಕಾರಿನಲ್ಲೇ ಸುತ್ತಲು ಹೊರಟ ಕರಡಿ, ದಾರಿ ತೋರಿಸುವವರನ್ನು ಹುಡುಕಿಕೊಂಡು ನರಿಯ ಅಂಗಡಿಗೆ ಬಂತು. ಆಕಾಶದಿಂದ ನೋಡಿ ತಿರುವು ಹೇಳುವ ಹದ್ದಿನ ಬೆಲೆ ಕೇಳಿ ಕರಡಿ ಒಂದು ಹೆಜ್ಜೆ ಹಿಂದೆ ಸರಿಯಿತು.

"ಇದಕ್ಕಿಂತ ಅಗ್ಗದ್ದು ಇಲ್ಲವೇ?"

"ಪಾರಿವಾಳವಿದೆ. ಒಮ್ಮೆಯೂ ದಾರಿ ತಪ್ಪಿದ್ದಿಲ್ಲ" ಎಂದಿತು ನರಿ.

ಕರಡಿ ಅದಕ್ಕೂ ಚೌಕಾಸಿ ಮಾಡಿ ಕೊಂಡಿತು. ಗಡಿಯವರೆಗೆ ತನಗೆ ಗೊತ್ತಿದ್ದ ದಾರಿಯಲ್ಲೇ ಹೋಯಿತು. ಗಡಿ ದಾಟಿದ್ದೇ ತಡ, ಪಾರಿವಾಳ ಎಡಕ್ಕೆ, ಬಲಕ್ಕೆ ಎಂದು ಚುರುಕಾಗಿ ಹೇಳತೊಡಗಿತು. ಸಂಜೆಗೆ ಕಾರು ನರಿಯ ಅಂಗಡಿಯ ಮುಂದೆಯೇ ಬಂದು ನಿಂತಿತು.

"ಇದೇನು ಮೋಸ?" ಎಂದು ಗುರುಗುಟ್ಟಿತು ಕರಡಿ.

"ನನ್ನ ಗೂಡು ಇಲ್ಲಿದೆ. ನನಗೆ ಗೊತ್ತಿರುವುದು ಗೂಡಿನ ದಾರಿಯೊಂದೇ" ಎಂದಿತು ಪಾರಿವಾಳ.

ನರಿ ಹದ್ದಿನ ಮೈಮೇಲಿನ ಧೂಳು ಒರೆಸುತ್ತ ಹೇಳಿತು: "ಬೇಸರ ಬೇಡ ಸ್ವಾಮಿ. ವಾಪಸ್ ಬರುವುದು ಅಗ್ಗದಲ್ಲೇ ಮುಗಿಯಿತು. ಇನ್ನು ಹೋಗುವುದಕ್ಕೆ ಒಂದನ್ನು ಕೊಂಡರಾಯಿತು."