ಒಂದನೇ ನಂಬರಿನ ಕುದುರೆ

“ಉಸ್ತಾದರೇ, ಚೆನ್ನಾಗಿ ಮಾಡುವವನ ಮೇಲೇ ಯಾಕೆ ಹೆಚ್ಚು ಭಾರ ಹೊರಿಸುತ್ತೀರಿ?”

ಗರಡಿಯಲ್ಲಿ ಬೆಳಗಿನ ಸಾಮು ಮುಗಿದಿತ್ತು. ಕೇಳಿದವನು ಜವರಪ್ಪ, ಆ ಗರಡಿಯ ಶಿಷ್ಯರಲ್ಲೆಲ್ಲ ಗಟ್ಟಿಗ. ಅವನ ಮುಖದಲ್ಲಿ ಸಿಟ್ಟಿತ್ತು.

“ಬೇರೆಯವರು ಹಗುರದ ಗದೆ ತಿರುಗಿಸಿ ಮನೆಗೆ ಹೋಗುತ್ತಾರೆ. ನನಗೆ ಮಾತ್ರ ದೊಡ್ಡ ಗದೆ, ಎರಡರಷ್ಟು ಬಸ್ಕಿ, ನನಗಿಂತ ದಪ್ಪ ಇರುವವರ ಜೊತೆ ಜೋಡಿ. ಕುಸ್ತಿ ಗೆದ್ದಷ್ಟೂ ಶಿಕ್ಷೆ ಜಾಸ್ತಿಯಾಗುತ್ತಾ ಹೋಗುತ್ತದೆ. ಇದು ಯಾವ ನ್ಯಾಯ?”

ಉಸ್ತಾದ್ ಪುಟ್ಟಮಾದಯ್ಯನವರು ಟವೆಲಿನಿಂದ ಕತ್ತು ಒರೆಸಿಕೊಂಡು ಕಟ್ಟೆಯ ಮೇಲೆ ಕುಳಿತರು.

“ಕೂತುಕೋ. ಕುದುರೆ ರೇಸಿನ ಕತೆ ಹೇಳುತ್ತೇನೆ. ಹುಬ್ಬೇರಿಸಬೇಡ. ನಮ್ಮಪ್ಪ ರೇಸ್‌ಕೋರ್ಸಿನ ಲಾಯದಲ್ಲಿ ಕುದುರೆಗಳ ಮೈ ತಿಕ್ಕಿ ನನ್ನನ್ನು ಸಾಕಿದವರು. ಒಂದು ದಿನವೂ ಬಾಜಿ ಕಟ್ಟಿದವರಲ್ಲ. ನಾನು ಹೇಳುವುದು ಕುದುರೆಯ ಮಾತು, ಜೂಜಿನದಲ್ಲ.

“ಒಂದು ದೇಶ. ಆ ದೇಶದಲ್ಲಿ ಐದು ದೊಡ್ಡ ಓಟಗಳು. ಅವನ್ನು ಮೊದಲು ಶುರು ಮಾಡಿದವರು ಹಡಗಿನಲ್ಲಿ ಬಂದ ದೊರೆಗಳು. ಅವರ ಕುದುರೆಗಳೂ ಹಡಗಿನಲ್ಲೇ ಬರುತ್ತಿದ್ದವು. ನಾಡಿನ ಜನಕ್ಕೆ ಲಾಯ ಗುಡಿಸುವ ಕೆಲಸ. ನಾಡಿನಲ್ಲಿ ಹುಟ್ಟಿದ ಕುದುರೆ ಗಾಡಿಗೆ ಸರಿ, ಓಟಕ್ಕಲ್ಲ ಎಂದು ಆ ದೊರೆಗಳು ನಗುತ್ತಿದ್ದರು. ಆಮೇಲೆ ಎಲ್ಲೋ ಯುದ್ಧ ಶುರುವಾಯಿತು, ಹಡಗುಗಳು ನಿಂತುಹೋದವು. ಓಟ ನಿಲ್ಲಿಸಲು ಮನಸ್ಸು ಬರಲಿಲ್ಲ. ನಾಡಿನ ಕುದುರೆಗಳನ್ನೇ ಬಿಟ್ಟರು. ಓಡಿದವು ನೋಡು! ನಕ್ಕವರೆಲ್ಲ ಬಾಯಿ ಮುಚ್ಚಿಕೊಂಡರು. ಅವತ್ತಿನಿಂದ ಆ ಐದು ಓಟಗಳು ನಾಡಿನ ಕುದುರೆಗಳವು.

“ಅದರಲ್ಲಿ ನಾಲ್ಕು ಓಟ ಎಳೆಯ ಕುದುರೆಗಳಿಗೆ. ಎಲ್ಲಕ್ಕೂ ಒಂದೇ ತೂಕ, ಯಾರು ಗಟ್ಟಿಯೋ ಅವರು ಗೆಲ್ಲುತ್ತಾರೆ. ಐದನೆಯದು ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಉದ್ದದ್ದು. ಅದರ ಕಟ್ಟಳೆಯೇ ಬೇರೆ, ಎಲ್ಲ ಕುದುರೆಗೂ ಗೆಲ್ಲುವ ಅವಕಾಶ ಸಮನಾಗಲಿ ಎಂದು ಮಾಡಿದ್ದು. ಯಾವ ಕುದುರೆ ಎಲ್ಲಕ್ಕಿಂತ ಜೋರೋ ಅದರ ಜೀನಿನ ಚೀಲಕ್ಕೆ ಎಲ್ಲಕ್ಕಿಂತ ಹೆಚ್ಚು ಸೀಸದ ತಗಡು ತುಂಬಿಸುತ್ತಾರೆ. ಅದಕ್ಕಿಂತ ನಿಧಾನದ್ದಕ್ಕೆ ಕಡಿಮೆ, ಇನ್ನೂ ನಿಧಾನದ್ದಕ್ಕೆ ಇನ್ನೂ ಕಡಿಮೆ. ಎಷ್ಟು ತಗಡು ಎಂದು ಹೇಳುವುದಕ್ಕೆ ಒಬ್ಬ ತೂಕದ ಅಧಿಕಾರಿ ಇದ್ದ. ಎಲ್ಲಕ್ಕಿಂತ ಹೆಚ್ಚು ಭಾರ ಹೊರುವ ಕುದುರೆಗೆ ಒಂದನೇ ನಂಬರು. ಹೆಬ್ಬಾಗಿಲ ಹಲಗೆಯಲ್ಲಿ ಅದರ ಹೆಸರೇ ಮೇಲೆ. ಅಷ್ಟು ವರ್ಷದಲ್ಲಿ ಒಂದನೇ ನಂಬರಿನ ಕುದುರೆ ಆ ಓಟ ಗೆದ್ದದ್ದೇ ಇರಲಿಲ್ಲ.

“ಆ ದೇಶದಲ್ಲಿ ಒಬ್ಬ ರೇಷ್ಮೆ ವ್ಯಾಪಾರಿ. ಅವನ ಹತ್ತಿರ ಒಂದು ಹೆಣ್ಣು ಕುದುರೆ. ನಾನು ಅವಳು ಅಂತಲೇ ಹೇಳುತ್ತೇನೆ, ಅವನೂ ಹಾಗೇ ಕರೆಯುತ್ತಿದ್ದ. ನಾಲ್ಕೂ ಓಟ ಗೆದ್ದವಳು. ಐದನೆಯದನ್ನೂ ಗೆದ್ದು, ತಾನೇ ಲಗಾಮು ಹಿಡಿದು ಅವಳನ್ನು ಗೆದ್ದವರ ಬಾಗಿಲಿನಿಂದ ಒಳಗೆ ಕರೆತರಬೇಕು ಎಂದು ವ್ಯಾಪಾರಿಗೆ ಆಸೆ. ಗೆದ್ದ ಕುದುರೆಗೆ ಅಲ್ಲಿ ಬೇರೆಯೇ ಬಾಗಿಲು, ಒಡೆಯನೇ ಹಿಡಿದು ತರುವುದು ವಾಡಿಕೆ.

“ಓಟಕ್ಕೆ ಎರಡು ತಿಂಗಳ ಮುಂಚೆ ತೂಕ ಹೊರಬಿತ್ತು. ಅವಳಿಗೆ ಒಂದನೇ ನಂಬರು. ಯಾವ ಹೆಣ್ಣು ಕುದುರೆಯೂ ಹೊರದಷ್ಟು ಸೀಸ. ವ್ಯಾಪಾರಿ ಉರಿದುಬಿದ್ದು ಅಧಿಕಾರಿಯ ಮನೆಗೇ ಹೋದ.

“‘ನನ್ನ ಕುದುರೆ ಕಂಡರೆ ನಿಮಗೆ ಯಾಕೆ ಹೊಟ್ಟೆಯುರಿ?’ ಎಂದ.

“ಅಧಿಕಾರಿ ಹೇಳಿದ: ‘ಹೊಟ್ಟೆಯುರಿಯಲ್ಲ ಸ್ವಾಮಿ. ಕಣ್ಣಾರೆ ಕಂಡದ್ದನ್ನು ತೂಗಿದ್ದೇನೆ. ಇಳಿಸಬೇಕಾದರೆ ಅವಳು ಸೋತದ್ದನ್ನೂ ನಾನು ಕಣ್ಣಾರೆ ಕಾಣಬೇಕು.’

“ಅವನು ಹೇಳಿದ್ದು ಕಟ್ಟಳೆಯನ್ನು. ಇವನಿಗೆ ಕೇಳಿಸಿದ್ದು ಉಪಾಯ. ಆ ಎರಡು ತಿಂಗಳ ನಡುವೆ ಒಂದು ಚಿಕ್ಕ ಓಟವಿತ್ತು. ವ್ಯಾಪಾರಿ ಸವಾರನನ್ನು ಕರೆದು, ‘ಲಗಾಮು ಬಿಗಿ ಹಿಡಿ, ಮುಂದೆ ಬಿಡಬೇಡ, ಇವತ್ತೊಂದು ದಿನ ಸೋಲಲಿ’ ಎಂದ.

“ಸವಾರ ತಲೆ ತಗ್ಗಿಸಿ ನಿಂತ. ‘ಲಗಾಮು ಎಳೆಯುವುದು ನನಗೆ ಬರುತ್ತದೆ ಧಣಿ. ಇವತ್ತೊಂದು ದಿನ ಮಾತ್ರ ಅಂತ ಅವಳಿಗೆ ಹೇಗೆ ಹೇಳಲಿ?’

“‘ಹೇಳಿದಷ್ಟು ಮಾಡು’ ಎಂದ ವ್ಯಾಪಾರಿ.

“ಸವಾರ ಮಾಡಿದ. ಅವಳು ಲಗಾಮಿನ ಜೊತೆ ಗುದ್ದಾಡಿದಳು, ಬಾಯಿ ಹರಿದು ರಕ್ತ ಬಂತು. ಐದನೆಯವಳಾಗಿ ಬಂದಳು. ಓಟ ಮುಗಿದ ಮೇಲೆ ಏನು ಮಾಡಿದಳು ಗೊತ್ತೇ? ತಾನಾಗಿಯೇ ಗೆದ್ದವರ ಬಾಗಿಲಿಗೆ ಹೋದಳು. ಅವಳಿಗೆ ಗೊತ್ತಿದ್ದದ್ದು ಅದೊಂದೇ ದಾರಿ. ಬಾಗಿಲು ಕಾಯುವವನು ಅಡ್ಡ ನಿಂತ. ಅವಳು ಅಲ್ಲಿಂದ ಕದಲಲಿಲ್ಲ, ರಕ್ತ ಸುರಿಯುವ ಬಾಯಿಯಲ್ಲಿ ಕಾದು ನಿಂತಳು. ಕೊನೆಗೆ ನಾಲ್ಕು ಜನ ಸೇರಿ ತಳ್ಳಿಕೊಂಡು ಹೋಗಬೇಕಾಯಿತು. ವ್ಯಾಪಾರಿ ಅದನ್ನು ನೋಡಿದ. ಥೂ, ಎಂಥ ಮನುಷ್ಯ ನಾನು ಎಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

“ಮರುದಿನ ತೂಕ ಇಳಿಯಿತು. ಹಲಗೆಯಲ್ಲಿ ಅವಳ ಹೆಸರು ಆರನೆಯ ಸಾಲಿಗೆ ಬಂತು. ಅವನು ಬಯಸಿದ್ದು ಅದನ್ನೇ. ಆದರೆ ಜನ ಹಲಗೆಯ ಮುಂದೆ ನಿಂತು ಮೇಲಿನ ಸಾಲಿನಲ್ಲಿ ಅವಳನ್ನು ಹುಡುಕಿ, ಕಾಣದೆ, ‘ಪಾಪ, ಮುಗಿಯಿತು ಕಣಯ್ಯ ಅವಳ ಕಾಲ’ ಎನ್ನುತ್ತಿದ್ದರು. ಆ ಪಾಪ ಎನ್ನುವ ಮಾತು ಅವನಿಗೆ ತಡೆಯಲಾಗಲಿಲ್ಲ. ನೆಟ್ಟಗೆ ಅಧಿಕಾರಿಯ ಬಳಿಗೆ ಹೋದ.

“‘ತೂಕ ಮತ್ತೆ ಏರಿಸಿ.’

“ಅಧಿಕಾರಿ ಬೆರಗಾದ. ‘ಇಳಿಸಿ ಎಂದು ಬಂದವರೇ ಎಲ್ಲ. ಏರಿಸಿ ಎಂದು ಬಂದವರು ನೀವೊಬ್ಬರೇ. ಏನು ಕಾರಣ ಹೇಳಲಿ?’

“‘ಅವಳು ಸೋಲಲಿಲ್ಲ, ನಾನು ಸೋಲಿಸಿದೆ. ಸವಾರನದೇನೂ ತಪ್ಪಿಲ್ಲ, ನಾನು ಹೇಳಿದ್ದನ್ನು ಮಾಡಿದ.’

“‘ಬೇಕೆಂದೇ ಕುದುರೆಯನ್ನು ಸೋಲಿಸಿದ ಒಡೆಯ ಮೈದಾನದೊಳಗೆ ಕಾಲಿಡುವ ಹಾಗಿಲ್ಲ. ಅವಳು ಗೆದ್ದರೂ ಲಗಾಮು ಹಿಡಿಯಲು ನೀವಿರುವುದಿಲ್ಲ. ಯೋಚಿಸಿ ಹೇಳಿ.’

“‘ಯೋಚಿಸಿಯೇ ಬಂದಿದ್ದೇನೆ’ ಎಂದ ವ್ಯಾಪಾರಿ.

“ಸವಾರನಿಗೆ ಛೀಮಾರಿ ಹಾಕಿ ಬಿಟ್ಟರು. ಅವಳ ಹೆಸರು ಮತ್ತೆ ಮೇಲಕ್ಕೆ ಹೋಯಿತು. ಜೀನಿಗೆ ಸೀಸ ಮರಳಿ ಬಂತು. ಓಟದ ದಿನ ವ್ಯಾಪಾರಿ ಮೈದಾನದ ಗೋಡೆಯ ಹೊರಗೆ, ಕಡಲೆಕಾಯಿ ಮಾರುವವರ ನಡುವೆ ನಿಂತ. ಏನೂ ಕಾಣಿಸದು, ಬರೀ ಸದ್ದು.

“ಒಳಗೆ ಹಗುರದ ಕುದುರೆಗಳೆಲ್ಲ ಮುಂದೆ ಹೋದವು. ಕೊನೆಯ ತಿರುವಿನಲ್ಲಿ ಅವಳಿನ್ನೂ ಹಿಂದೆ. ಸವಾರ ಚಾವಟಿ ಎತ್ತಲಿಲ್ಲ. ಲಗಾಮು ಸಡಿಲ ಬಿಟ್ಟು, ‘ಹೋಗು ತಾಯಿ’ ಎಂದನಂತೆ, ಅಷ್ಟೇ. ಅವಳು ಅಷ್ಟೂ ಸೀಸವನ್ನು ಹೊತ್ತುಕೊಂಡು ಒಂದೊಂದನ್ನೇ ದಾಟುತ್ತಾ ಬಂದಳು. ಆ ಸೀಸ ಅವಳದು ಜವರಪ್ಪ, ಗೆದ್ದು ಗೆದ್ದು ಸಂಪಾದಿಸಿದ್ದು! ಇನ್ನೊಂದು ಕುದುರೆ ಬೇಡಿದರೂ ಅದು ಸಿಗುವುದಿಲ್ಲ.

“ಗೋಡೆಯ ಹೊರಗೆ ಮೊದಲು ಜನರ ಕೂಗು ಕೇಳಿಸಿತು. ಆಮೇಲೆ ಎಲ್ಲ ತಣ್ಣಗಾಯಿತು. ಗಂಟೆ ಬಾರಿಸಿ, ಗೆದ್ದ ಕುದುರೆಯ ನಂಬರು ಕೂಗಿದರು: ಒಂದು. ವ್ಯಾಪಾರಿ ಪಕ್ಕದ ಕಡಲೆಕಾಯಿಯವನನ್ನು ತಬ್ಬಿಕೊಂಡು, ‘ನಮ್ಮ ಹುಡುಗಿ ಕಣಯ್ಯಾ, ನಮ್ಮ ಹುಡುಗಿ’ ಎಂದು ಗಳಗಳನೆ ಅತ್ತುಬಿಟ್ಟ. ಒಳಗೆ, ಒಡೆಯನಿಲ್ಲದೆ ನಿಂತಿದ್ದ ಅವಳ ಲಗಾಮು ಹಿಡಿದು ಗೆದ್ದವರ ಬಾಗಿಲಿನಿಂದ ಕರೆತಂದವನು ಯಾರು ಅಂತೀಯ? ತೂಕದ ಅಧಿಕಾರಿ. ತನ್ನ ತೂಕ ಸೋತದ್ದಕ್ಕೆ ಅಷ್ಟು ಹೆಮ್ಮೆಪಟ್ಟ ಅಧಿಕಾರಿ ಇನ್ನೊಬ್ಬನಿರಲಿಲ್ಲ.”

ಉಸ್ತಾದರು ಎದ್ದು ದೊಡ್ಡ ಗದೆಯನ್ನು ಗೋಡೆಗೆ ಒರಗಿಸಿಟ್ಟರು. ಜವರಪ್ಪನ ಸಿಟ್ಟು ಇಳಿದಿತ್ತು, ಕಣ್ಣು ಹೊಳೆಯುತ್ತಿತ್ತು.

“ಎಂಥ ಕುದುರೆ ಉಸ್ತಾದರೇ! ಅಂಥವಳನ್ನು ಎಳೆದು ಸೋಲಿಸಲು ಆ ವ್ಯಾಪಾರಿಗೆ ಮನಸ್ಸಾದರೂ ಹೇಗೆ ಬಂತು?”

ಉಸ್ತಾದರು ಅವನ ಮುಖವನ್ನೇ ನೋಡಿ ಹೇಳಿದರು: “ಮೊನ್ನೆ ಕುಸ್ತಿಯ ಮಟ್ಟಿಯಲ್ಲಿ ನಿನ್ನ ಅರ್ಧದಷ್ಟೂ ಇಲ್ಲದವನ ಕೈಯಲ್ಲಿ ಬೇಕೆಂದೇ ಬಿದ್ದೆಯಲ್ಲ, ಅವತ್ತು ನಿನಗೆ ಹೇಗೆ ಬಂತು?”

ಜವರಪ್ಪ ಎದ್ದು ಹೋಗಿ ಗೋಡೆಗೆ ಒರಗಿದ್ದ ದೊಡ್ಡ ಗದೆಯನ್ನು ಎತ್ತಿಕೊಂಡ.