ಬೇಡವೆಂದವರ ಕೈಗೆ ಬೀಗದ ಕೈ

ಪೂಜ್ಯ ಜಯವಂತ ಅಯ್ಯನವರು ಹತ್ತಿಕಟ್ಟಿಯ ಕ್ರೈಸ್ತ ಸಭೆಗೆ ಪಾಲಕರಾಗಿ ಬಂದಾಗ ಅವರೊಡನೆ ಬಂದದ್ದು ಒಂದು ಟ್ರಂಕು, ಹಗ್ಗ ಹೆಣೆದ ಒಂದು ಹೊರಸು ಮತ್ತು ಬೆನ್ನು ಹರಿದ ಸತ್ಯವೇದ. ದೇವಾಲಯದ ಹಿಂದಿನ ತಗಡಿನ ಮಾಡಿನ ಎರಡು ಕೋಣೆಗಳೇ ಅವರ ನಿವಾಸ. ದೇವಾಲಯದ ಕಸವನ್ನು ತಾವೇ ಗುಡಿಸುತ್ತಿದ್ದರು. ಗುಡಿಸುವಾಗ ಯಾರಾದರೂ ಕಷ್ಟ ಹೇಳಿಕೊಳ್ಳಲು ಬಂದರೆ, ಕಸಬರಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕೊನೆಯ ಮಾತಿನವರೆಗೂ ಕೇಳುತ್ತಿದ್ದರು. ಅಂಥ ಮಹಾನುಭಾವರು ಒಮ್ಮೆ ತಮ್ಮ ಸಭೆಯನ್ನು ಹೇಗೆ ಗೊಂದಲಕ್ಕೆ ಕೆಡವಿದರು, ಆ ಗೊಂದಲದಿಂದ ಏನು ಹುಟ್ಟಿತು ಎಂಬುದನ್ನು ನನಗೆ ಹೇಳಿದವರು ಅದೇ ಸಭೆಯ ಲೀದ್ಯವ್ವನವರು. ಅವರು ಹೇಳಿದಂತೆಯೇ ಬರೆಯುತ್ತೇನೆ.

ಹತ್ತಿಕಟ್ಟಿಯಲ್ಲಿ ಒಂದು ಜೈಲಿದೆ. ಶಿಕ್ಷೆ ಮುಗಿಸಿ ಹೊರಬಂದವರಲ್ಲಿ ಕೆಲವರು ಊರಿಗೆ ಹೋಗಲು ಮುಖವಿಲ್ಲದೆ ಬಸ್ ನಿಲ್ದಾಣದಲ್ಲೇ ದಿನಗಟ್ಟಲೆ ಕೂರುವುದನ್ನು ಅಯ್ಯನವರು ಕಂಡಿದ್ದರು. ದೇವಾಲಯದ ಪಕ್ಕದಲ್ಲಿ ಹಳೆಯ ಬೆಂಚುಗಳನ್ನು ತುಂಬಿಟ್ಟಿದ್ದ ಒಂದು ಕೋಣೆ ಇತ್ತು. ಅದನ್ನು ಅಂಥವರಿಗೆ ನಾಲ್ಕು ದಿನದ ಆಸರೆಯಾಗಿ ಕೊಡಬೇಕೆಂಬ ದರ್ಶನ ಅವರಿಗಾಯಿತು. ಒಂದು ಭಾನುವಾರ ಪ್ರಸಂಗಪೀಠದಿಂದ ಅದನ್ನು ಸಾರಿದರು. ಒಳ್ಳೆಯ ಪ್ರಸಂಗವೇ. ಆದರೆ ಮುಗಿದಾಗ ಒಬ್ಬರೂ ‘ಆಮೆನ್’ ಅನ್ನಲಿಲ್ಲ. ಮುಂದಿನ ವಾರ ಐದು ಮನೆಯವರು ಆರಾಧನೆಗೇ ಬರಲಿಲ್ಲ.

ಹನ್ನೊಂದು ಮಂದಿ ಹಿರಿಯರ ಮಂಡಳಿಯಲ್ಲಿ ಆರು ಜನ ಅಯ್ಯನವರ ಪಕ್ಷಕ್ಕಿದ್ದರು. ಮಂಡಳಿಯ ಕಾರ್ಯದರ್ಶಿ, ಬಡಿಗತನದ ಸಿಲಾಸಪ್ಪ, ಮತಕ್ಕೆ ಹಾಕಿಬಿಡೋಣ, ಗೆಲ್ಲುತ್ತೇವೆ ಎಂದ. ಅಯ್ಯನವರು ಮತ ಬೇಡವೆಂದರು. ಹಾಗಾದರೆ ಆ ವಿಚಾರ ಬಿಟ್ಟಂತೆಯೇ ಎಂದು ಸಿಲಾಸಪ್ಪ ಕೇಳಿದ್ದಕ್ಕೆ, ಬಿಟ್ಟಿಲ್ಲವೆಂದರು. ಸಿಲಾಸಪ್ಪನಿಗೆ ತಲೆಬುಡ ತಿಳಿಯಲಿಲ್ಲ.

ಲೀದ್ಯವ್ವನವರು ಅಯ್ಯನವರ ಬಳಿಗೆ ಹೋದದ್ದು ಆ ವಾರದಲ್ಲೇ. ಹತ್ತಿ ಗಿರಣಿಯ ಕಾವಲುಗಾರರಾಗಿದ್ದ ಅವರ ಯಜಮಾನರನ್ನು ಕಳ್ಳರು ಕಬ್ಬಿಣದ ಸಲಾಕೆಯಿಂದ ಹೊಡೆದಿದ್ದರು. ಆ ಮನುಷ್ಯ ಮಾತು ಕಳೆದುಕೊಂಡು ನಾಲ್ಕು ವರ್ಷ ಹಾಸಿಗೆಯಲ್ಲಿದ್ದು ತೀರಿಕೊಂಡರು. ಹೊಡೆದವರು ಸೇರಿದ್ದು ಇದೇ ಜೈಲಿಗೆ. ಸ್ತ್ರೀಯರ ಕೂಟವನ್ನು ನಡೆಸುತ್ತಿದ್ದ ಲೀದ್ಯವ್ವನವರ ಮಾತನ್ನು ಸಭೆಯಲ್ಲಿ ಯಾರೂ ಮೀರುತ್ತಿರಲಿಲ್ಲ. ಇನ್ನು ಈ ದೇವಾಲಯದ ಮೆಟ್ಟಿಲು ತುಳಿಯುವುದಿಲ್ಲ ಎಂದು ಹೇಳಿ ಬರಲೆಂದೇ ಅವರು ಹೋಗಿದ್ದರು.

ಅಯ್ಯನವರು ಅವರನ್ನು ಹೊರಸಿನ ಮೇಲೆ ಕೂರಿಸಿ, ತಾವು ಹೊಸ್ತಿಲ ಮೇಲೆ ಕೂತರು. ಲೀದ್ಯವ್ವನವರು ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ, ಅಯ್ಯನವರು ತಗ್ಗಿದ ದನಿಯಲ್ಲಿ ನುಡಿದರು:

“ನಿಮ್ಮ ಮನೀಗೆ ಮೊದಲ ಬರಬೇಕಿತ್ತು ನಾ. ಪೀಠ ಹತ್ತಿದೆ. ತಪ್ಪಾತ್ರಿ.”

ಅಯ್ಯನವರು ಒಂದು ಹಾಳೆ ತೆಗೆದುಕೊಂಡು, ಆ ಕೋಣೆ ತೆರೆದರೆ ಏನೇನು ಕೆಡಬಹುದೆಂದು ಕೇಳಿದರು. ಸಂಜೆ ಹುಡುಗಿಯರು ಹಾಡು ಕಲಿಯಲು ಬರುತ್ತಾರೆ, ಹಿಂಬಾಗಿಲಿಗೆ ಅಗುಳಿಯಿಲ್ಲ, ಬಂದವನು ಏನು ಮಾಡಿ ಜೈಲಿಗೆ ಹೋದವನೆಂದು ತಿಳಿಯುವುದು ಹೇಗೆ ಎಂದು ಲೀದ್ಯವ್ವನವರು ಹೇಳುತ್ತ ಹೋದರು. ಅಯ್ಯನವರು ಬರೆದುಕೊಳ್ಳುತ್ತ ಹೋದರು.

ಭಾನುವಾರ ಅವರು ಪೀಠವನ್ನೇರದೆ ಕೆಳಗೇ ನಿಂತು, ಹೆಸರು ಹೇಳದೆ ಆ ಪಟ್ಟಿಯನ್ನು ಓದಿದರು. ಇವು ಯಾವುವೂ ತಮಗೆ ಹೊಳೆದಿರಲಿಲ್ಲವೆಂದೂ, ಇವಕ್ಕೆ ಉತ್ತರ ತಮ್ಮಲ್ಲಿಲ್ಲವೆಂದೂ ಒಪ್ಪಿಕೊಂಡರು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಯ್ಯನವರು ಕೋಣೆಯ ಪರವೋ, ವಿರೋಧವೋ? ಬರುವುದಿಲ್ಲವೆಂದಿದ್ದರೂ ಬಂದು ಕೂತಿದ್ದ ಲೀದ್ಯವ್ವನವರಂತೂ, ಇದು ತನ್ನ ಬಾಯಿ ಮುಚ್ಚಿಸುವ ಉಪಾಯವಿರಬೇಕೆಂದು ಕೊಂಚ ಸಿಟ್ಟಾದರು.

ಆಮೇಲೆ ಅಯ್ಯನವರು ಮನೆಮನೆಗೆ ನಡೆದರು. ಬಾರದೆ ಉಳಿದ ಐದು ಮನೆಗಳಿಗೇ ಮೊದಲು ಹೋದರು. ಎಲ್ಲಿಯೂ ಕೋಣೆಯ ಪರವಾಗಿ ಒಂದು ಮಾತನ್ನೂ ಆಡಲಿಲ್ಲ. ಏನು ಕೆಡಬಹುದೆಂದು ಕೇಳುವರು, ಬರೆದುಕೊಳ್ಳುವರು, ಚಹಾ ಕುಡಿದು ಎದ್ದುಬರುವರು. ಏಳು ವಾರಗಳಲ್ಲಿ ಪಟ್ಟಿ ಮೂರು ಹಾಳೆಯಾಯಿತು. ಅಯ್ಯನವರು ಪ್ರತಿ ಭಾನುವಾರ ಅದನ್ನು ಓದುವರು, ಗೊತ್ತಾಗುತ್ತಿಲ್ಲವೆನ್ನುವರು. ಹೀಗೆ ಓದುತ್ತಿದ್ದಾಗಲೇ ಒಂದು ದಿನ, ಮೊದಲಿನಿಂದ ವಿರೋಧಿಸುತ್ತಿದ್ದ ಮುದುಕರೊಬ್ಬರು ಬೇಸತ್ತು, ಹಾಡಿನ ತರಗತಿ ನಮ್ಮ ಪಡಸಾಲೆಯಲ್ಲಿ ನಡೆಯಲಿ, ಅದೇನು ದೊಡ್ಡ ಮಾತು ಎಂದರು. ಸಿಲಾಸಪ್ಪ ಅಗುಳಿ ಮಾಡಿ ಜಡಿದ. ಜೈಲಿನ ವಾರ್ಡರಾಗಿ ನಿವೃತ್ತರಾಗಿದ್ದ ಏಸುಮಿತ್ರ ಎಂಬವರು, ಬರುವವರ ಪೂರ್ವಾಪರ ವಿಚಾರಿಸುವ ಹೊಣೆ ತಮ್ಮದೆಂದರು. ಅಯ್ಯನವರು ಯಾರ ನೆರವನ್ನೂ ಕೇಳಿರಲಿಲ್ಲ. ಯಾವಾಗ ಆ ಕೋಣೆ ಸಭೆಯದಾಯಿತೋ ಸಭೆಗೇ ತಿಳಿಯಲಿಲ್ಲ.

ಒಪ್ಪದೆ ಉಳಿದವರು ಲೀದ್ಯವ್ವ ಒಬ್ಬರೇ. ಬೆಂಚುಗಳನ್ನು ಹೊರಗೆ ಸಾಗಿಸಿ ಸುಣ್ಣ ಬಳಿದ ದಿನ ಅಯ್ಯನವರು ಅವರ ಮನೆಗೆ ಬಂದು, ಕೋಣೆಯ ಬೀಗದ ಕೈಯನ್ನು ಅವರ ಅಂಗೈಯಲ್ಲಿಟ್ಟರು. ಇದ್ದದ್ದು ಅದೊಂದೇ.

“ನನಗ್ಯಾಕ್ರಿ ಇದು? ಬ್ಯಾಡ ಅಂದಾಕಿ ನಾನು.”

“ಅದಕ್ಕಽ ನಿಮ್ಮ ಕಡೆ ಇರ್ಲಿ. ನೀವು ತೆಗೆದ್ರ ತೆಗೀತದ. ತೆಗೀಲಿಲ್ಲಾ, ಅದೂ ಸರಿ.”

ಅಷ್ಟೇ ಹೇಳಿ ಹೊರಟುಹೋದರು. ಲೀದ್ಯವ್ವನವರು ಅದನ್ನು ಬಾವಿಗೆ ಎಸೆಯಬೇಕೆಂದು ಎರಡು ಸಲ ಹೋದರು, ಎರಡು ಸಲವೂ ಹಿಂದಿರುಗಿದರು. ಕಾರಣ ಅವರಿಗೇ ಗೊತ್ತಿರಲಿಲ್ಲ. ಮೂರು ತಿಂಗಳು ಕೋಣೆ ತೆರೆಯಲಿಲ್ಲ. ಬಂದವರನ್ನು ಅಯ್ಯನವರು ತಮ್ಮ ಹೊರಸಿನ ಮೇಲೆ ಮಲಗಿಸಿ ತಾವು ನೆಲದ ಮೇಲೆ ಮಲಗಿದರು. ಲೀದ್ಯವ್ವನವರು ಎದುರಾದರೆ ಮೊಮ್ಮಕ್ಕಳ ಯೋಗಕ್ಷೇಮ ಕೇಳುತ್ತಿದ್ದರೇ ವಿನಾ ಕೋಣೆಯ ಮಾತೆತ್ತಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಲೀದ್ಯವ್ವನವರು ಪ್ರಭುಭೋಜನದ ಮೇಜಿಗೆ ಬಟ್ಟೆ ಹಾಸುತ್ತಿದ್ದರು. ಅಯ್ಯನವರು ಪಕ್ಕದ ಹಳ್ಳಿಗೆ ತೀರಿಕೊಂಡವರೊಬ್ಬರ ಮಣ್ಣಿಗೆಂದು ಹೋಗಿದ್ದರು. ಬಾಗಿಲಲ್ಲಿ ಐವತ್ತರ ಆಸುಪಾಸಿನ ಒಬ್ಬ ಮನುಷ್ಯ ಗಂಟು ಹಿಡಿದು ನಿಂತಿದ್ದ. ಏಸುಮಿತ್ರರು ಕಳಿಸಿದ್ದಾರೆಂದ. ಏನು ಮಾಡಿ ಒಳಗೆ ಹೋದೆಯೆಂದು ಲೀದ್ಯವ್ವನವರು ನೇರವಾಗಿ ಕೇಳಿದರು. ಹೊಲದ ಜಗಳದಲ್ಲಿ ಅಣ್ಣನ ಕೈ ಕಡಿದೆ ಎಂದು ಅವನು ಮುಚ್ಚಿಡದೆ ಹೇಳಿದ. ಊರಿಗೇಕೆ ಹೋಗಲಿಲ್ಲವೆಂದಾಗ ಅವನು ನೆಲ ನೋಡಿದ.

“ಬಸ್ ಹತ್ತಿದ್ನಿರಿ. ಎರಡು ಸಲ ಹತ್ತಿ ಇಳದೆ. ಹೋಗಿ ಏನಂತ ಹೇಳ್ಲಿ ಅನ್ನೂದು ತಿಳೀವಲ್ದು.”

ಲೀದ್ಯವ್ವನವರು ಹಿಡಿದಿದ್ದ ಬಟ್ಟೆಯನ್ನು ಮೇಜಿನ ಮೇಲೆ ಬಿಟ್ಟರು. ಯಜಮಾನರ ಮಾತಿಲ್ಲದ ಬಾಯಿ ಕಣ್ಣ ಮುಂದೆ ಬಂತು. ಸಿಟ್ಟೂ ಬಂತು, ಅಳುವೂ ಬಂತು. ಯಾವುದು ಯಾರ ಮೇಲೆಂದು ತಿಳಿಯಲಿಲ್ಲ. ಸೆರಗಿನ ಗಂಟಿನಿಂದ ಬೀಗದ ಕೈ ಬಿಚ್ಚಿಕೊಂಡು ಹೋಗಿ ಕೋಣೆಯ ಬೀಗ ತೆಗೆದರು. ನೀರಿನ ಕೊಡ ತಂದಿಟ್ಟರು.

ಸಂಜೆ ಅಯ್ಯನವರು ಮರಳಿದಾಗ ಲೀದ್ಯವ್ವನವರು ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದರು. ಬಾಗಿಲು ತೆಗೆದೆನೆಂದೂ, ಆದರೆ ತನ್ನೊಳಗೆ ಕ್ಷಮೆಯೆಂಬುದು ಎಳ್ಳಷ್ಟೂ ಇಲ್ಲವೆಂದೂ, ದೇವರ ಮುಂದೆ ಇದು ನಟನೆಯಾಯಿತಲ್ಲವೇ ಎಂದೂ ಕೇಳಿದರು.

ಅಯ್ಯನವರು ಪಕ್ಕದಲ್ಲಿ ಕೂತರು.

“ಕ್ಷಮಿಸಿದವ್ರಽ ಬಾಗಲಾ ತೆಗೀಬೇಕಂತ ಯಾರು ಹೇಳ್ಯಾರ, ಲೀದ್ಯವ್ವ?”

ಆ ಮಾತು ತಮ್ಮ ಎದೆಯ ಮೇಲಿನ ಕಲ್ಲನ್ನು ಎತ್ತಲಿಲ್ಲ, ಒಂದಿಷ್ಟು ಸರಿಸಿತು ಎಂದು ಲೀದ್ಯವ್ವನವರು ನನಗೆ ಹೇಳಿದರು. ಅಯ್ಯನವರು ಪ್ರಭುವಿನಲ್ಲಿ ನಿದ್ರಿಸಿದ ಮೇಲೂ ಹತ್ತೊಂಬತ್ತು ವರ್ಷ ಆ ಕೋಣೆಯನ್ನು ನಡೆಸಿದವರು ಅವರೇ. ಅಲ್ಲಿ ತಂಗಿ ಊರಿಗೆ ಹೋದವರೆಷ್ಟೆಂದು ಅವರು ಲೆಕ್ಕವಿಡಲಿಲ್ಲ. ಕ್ಷಮೆ ಬಂತೇ ಎಂದು ನಾನು ಕೇಳಿದೆ. “ಯಾವಾಗ ಬಂತೋ ಗೊತ್ತಾಗ್ಲಿಲ್ಲ” ಎಂದರು.

ಲೀದ್ಯವ್ವನವರ ಕೊನೆಗಾಲದಲ್ಲಿ ದೂರದ ಊರಿನ ಒಬ್ಬ ತರುಣ ಪಾಲಕರು ಬಂದಿದ್ದರು. ತಮಗೂ ಒಂದು ದರ್ಶನವಿದೆ, ಸಭೆ ಒಪ್ಪುತ್ತಿಲ್ಲ, ಜಯವಂತ ಅಯ್ಯನವರು ಎಲ್ಲರನ್ನೂ ಒಪ್ಪಿಸಿದ ರೀತಿ ಯಾವುದು ಎಂದು ಕೇಳಿದರು.

“ಅವರು ಒಪ್ಪಿಸ್ಲಿಲ್ರಿ,” ಎಂದರು ಲೀದ್ಯವ್ವನವರು. “ನಿಮ್ಮ ಸಭಾದಾಗ ಜೋರಾಗಿ ಬ್ಯಾಡ ಅನ್ನಾವ್ರು ಯಾರದಾರ? ಮೊದಲ ಅವರ ಮನೀಗೆ ಹೋಗ್ರಿ. ನಿಮಗ ಗೊತ್ತಿಲ್ಲದ್ದು ಅವರಿಗೆ ಏನೋ ಗೊತ್ತದ.”